ಐದು ಚೀಟಿ, ಐದು ಹೂಂ

ನಿಘಂಟಿನ ಕೆಲಸಕ್ಕೆ ಸೇರಬೇಕೆಂದು ಯಾರಾದರೂ ನನ್ನ ಬಳಿ ಸಲಹೆಗೆ ಬಂದರೆ ನಾನು ಅವರ ಓದು, ಅಂಕಪಟ್ಟಿ ಯಾವುದನ್ನೂ ವಿಚಾರಿಸುವುದಿಲ್ಲ. ಬಾಯಿ ಮುಚ್ಚಿಕೊಂಡು ಕೂರಲು ಬರುತ್ತದೆಯೇ ಎಂದು ಕೇಳುತ್ತೇನೆ. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅವರು ನಗುತ್ತಾರೆ. ತಮಾಷೆಯಲ್ಲ. ನನಗೆ ಆ ವಿದ್ಯೆ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಸರೋಜ ಮಾತಿಗೆ ನಿಂತರೆ ಎದುರಿನವರು ತಲೆಯಾಡಿಸುವುದು ಬಿಟ್ಟು ಬೇರೆ ದಾರಿಯಿಲ್ಲ ಎನ್ನುತ್ತಾರೆ. ಸುಮ್ಮನಿರುವುದನ್ನು ನನಗೆ ಕಲಿಸಿದ್ದು ಅರೆಕೆರೆಯಿಂದ ಬಂದು ಬಾಳೆ ಎಲೆ ಮಾರುತ್ತಿದ್ದ ಒಬ್ಬ ಹೆಂಗಸು, ಜೊತೆಗೆ ಎರಡೇ ಅಕ್ಷರದ ಒಂದು ಪದ. ಅದನ್ನು ಕಲಿಯುವಷ್ಟರಲ್ಲಿ ನನ್ನ ಮಾನ ಮೂರು ಕಾಸಿಗೆ ಹರಾಜಾಗಿತ್ತು.

ನಾನು ಸೇರಿದ್ದು ಎಪ್ಪತ್ತರ ದಶಕದಲ್ಲಿ. ಒಂದು ಟ್ರಸ್ಟ್ ನಡೆಸುತ್ತಿದ್ದ ಪುಟ್ಟ ಕಚೇರಿ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ಎರಡು ಅಡ್ಡರಸ್ತೆ ಆಚೆ, ಒಂದು ಮನೆಯ ಮಹಡಿಯ ಮೇಲೆ. ಕೆಳಗಿನ ಮನೆಯವರು ಹುರುಳಿಕಾಳು ಬಸ್ಸಾರು ಮಾಡಿದ ದಿನ ಮೇಲೆ ನಾವು ಹನ್ನೊಂದೂವರೆಗೇ ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಸಿಗುವ ಪದಗಳನ್ನು ಒಂದೆಡೆ ಸೇರಿಸಿ, ಯಾವುದು ಯಾವುದಕ್ಕೆ ನೆಂಟ, ಯಾವುದು ಬರೀ ಹೆಸರಿನಲ್ಲಿ ಮಾತ್ರ ಒಂದೇ ಎಂದು ತಿಳಿಸುವ ನಿಘಂಟು ನಮ್ಮದು. ತೆಲುಗಿಗೆ ಶೇಷಯ್ಯನವರು, ತಮಿಳಿಗೆ ಕನಕವಲ್ಲಿ, ಕನ್ನಡಕ್ಕೆ ನಾನು. ನಮ್ಮೆಲ್ಲರ ತಲೆಯ ಮೇಲೆ ಸಂಪಾದಕರು ವಾಮನರಾಯರು.

ಕೆಲಸವೆಲ್ಲ ಚೀಟಿಗಳ ಮೇಲೆ. ಅರ್ಧ ಪೋಸ್ಟ್‌ಕಾರ್ಡಿನಷ್ಟು ಕಾಗದ. ನೆತ್ತಿಯ ಮೇಲೆ ಪದ, ನಡುವೆ ಅದು ಬಳಕೆಯಾದ ವಾಕ್ಯ, ಕೆಳಗೆ ಅದು ಸಿಕ್ಕಿದ ಪುಸ್ತಕದ ಹೆಸರು. ಪದಕ್ಕೊಂದು ಕಟ್ಟು, ಅಕ್ಷರಕ್ಕೊಂದು ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬ. ಸರಸ್ವತಿಯನ್ನು ಚಪ್ಪಲಿ ಡಬ್ಬದಲ್ಲಿ ಇಡುವುದೇ ಎಂದು ಒಬ್ಬ ಟ್ರಸ್ಟಿ ಆಕ್ಷೇಪ ಎತ್ತಿದ್ದರು. ಹಾಗಾದರೆ ಬೀರು ಕೊಡಿಸಿ ಎಂದರು ರಾಯರು. ಆ ವಿಷಯ ಅಲ್ಲಿಗೇ ನಿಂತಿತು.

ರಾಯರಿಗೆ ಒಂದು ಅಭ್ಯಾಸವಿತ್ತು. ಚೀಟಿ ಒಪ್ಪಿಗೆಯಾಗದಿದ್ದರೆ ಅವರು ಬೈಯುತ್ತಿರಲಿಲ್ಲ, ಹರಿಯುತ್ತಲೂ ಇರಲಿಲ್ಲ. ಕಾಗದ ದಂಡವಾಗಬಾರದೆಂದು ಅದನ್ನು ಮಗುಚಿ, ಖಾಲಿ ಬೆನ್ನಿನ ಮೇಲೆ ತಮ್ಮ ಮನೆಗೆ ಬೇಕಾದ ತರಕಾರಿ ಪಟ್ಟಿ ಬರೆದುಕೊಳ್ಳುತ್ತಿದ್ದರು. ಇದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ವಾರ ನಾನು ಬರೆದಿಟ್ಟ ಚೀಟಿಯೊಂದು ಅವರ ಮೇಜಿನ ಅಂಚಿನಲ್ಲಿ ಮಗುಚಿ ಬಿದ್ದಿತ್ತು. ಬೆನ್ನ ಮೇಲೆ, ‘ಹೀರೇಕಾಯಿ ಅರ್ಧ ಕೆ.ಜಿ., ಕರಿಬೇವು, ಇಂಗು’. ಹೊಸಬಳು, ಸಂಪಾದಕರು ಕೆಲಸ ಹೇಳಿದ್ದಾರೆ ಎಂದುಕೊಂಡು ಕಾಂಪ್ಲೆಕ್ಸಿಗೆ ಓಡಿ ಎಲ್ಲವನ್ನೂ ತಂದು ಮೇಜಿನ ಮೇಲಿಟ್ಟೆ. ರಾಯರು ಹೀರೇಕಾಯಿಯನ್ನೂ ನನ್ನನ್ನೂ ಒಂದು ಗಳಿಗೆ ನೋಡಿದರು.

‘ಇದೇನಮ್ಮ ಸರೋಜ?’

‘ನೀವೇ ಬರೆದಿದ್ರಲ್ಲ ಸಾರ್.’

‘ಬರೆದಿದ್ದೆ. ಅದರ ಈಚೆ ಕಡೆ ನೀನೂ ಏನೋ ಬರೆದಿದ್ದೆ. ನಿನ್ನ ವಾಕ್ಯಕ್ಕಿಂತ ನನ್ನ ಹೀರೇಕಾಯಿ ಮುಖ್ಯ ಅನ್ನಿಸ್ತು.’

ಶೇಷಯ್ಯನವರು ನಕ್ಕು ನಕ್ಕು ನಶ್ಯ ಚೆಲ್ಲಿಕೊಂಡರು. ಅಂದಿನಿಂದ ನಮ್ಮಲ್ಲಿ ‘ಹೀರೇಕಾಯಿ ಆಯ್ತಾ?’ ಎಂದರೆ ‘ಚೀಟಿ ಬಿತ್ತಾ?’ ಎಂದೇ ಅರ್ಥ. ಮೊದಲ ವರ್ಷ ನನ್ನ ಚೀಟಿಗಳಿಂದ ರಾಯರ ಮನೆಯ ಅಡುಗೆ ಸುಸೂತ್ರವಾಗಿ ನಡೆಯಿತು.

ಹೀಗಿರುವಾಗ ‘ಕ’ ಅಕ್ಷರ ಬಂತು. ‘ಕ’ ಎಂಬುದು ನಿಘಂಟಿನವರಿಗೆ ಮುಗಿಯದ ಮದುವೆಮನೆ. ಮೂರು ವರ್ಷ ಅದರಲ್ಲೇ ಉಂಡು ಮಲಗಿ ಎದ್ದ ಮೇಲೆ ನಾವು ‘ಕುಡಿ’ ಎಂಬ ಪದಕ್ಕೆ ತಲುಪಿದೆವು. ಅದು ನನ್ನ ಪಾಲಿಗೆ ಬಂತು. ಎರಡು ಅಕ್ಷರ, ಎರಡು ದಿನದ ಕೆಲಸ ಎಂದುಕೊಂಡೆ.

ಕನ್ನಡದಲ್ಲಿ ಕುಡಿ ಎಂದರೆ ಬಳ್ಳಿಯ ತುದಿ, ಚಿಗುರು, ದೀಪದ ಕುಡಿ, ವಂಶದ ಕುಡಿ. ಅದೇ ಪದಕ್ಕೆ ನೀರು ಕುಡಿ, ಹಾಲು ಕುಡಿ ಎಂಬ ಅರ್ಥವೂ ಉಂಟು. ಇಷ್ಟಕ್ಕೇ ಮುಗಿಯಿತೆಂದು ನಾನು ಊಟದ ಹೊತ್ತಿನಲ್ಲಿ ಹೇಳಿದ್ದೇ ತಡ, ಶೇಷಯ್ಯನವರು ತಮ್ಮ ಬಲಗೈ ಎತ್ತಿದರು.

‘ಇದೇನು ಹೇಳಿ? ನಮ್ಮ ತೆಲುಗಲ್ಲಿ ಇದು ಕುಡಿ. ಕುಡಿ ಅಂದ್ರೆ ಬಲ. ಹೋದ ಗಣೇಶನ ಹಬ್ಬದಲ್ಲಿ ರಾಯರು, ಬಾಳೆ ಎಲೆ ಕುಡಿ ಎಡಕ್ಕಿರಲಿ ಅಂದಾಗ ನಾನು ಒದ್ದಾಡಿಹೋದೆ. ಬಲಾನ ಎಡಕ್ಕೆ ಹಾಕೋದು ಹೆಂಗ್ರೀ?’

‘ನಮ್ಮಲ್ಲಿ ಕುಡಿ ಅಂದ್ರೆ ಮನೆತನ, ಸಂಸಾರ. ಹೊಸ ಮನೆಗೆ ಹೋಗಿ ನೆಲೆ ನಿಲ್ಲೋದೂ ಅದೇ ಮಾತು’ ಎಂದಳು ಕನಕವಲ್ಲಿ. ‘ಗ್ಲಾಸ್ ಎತ್ತೋದೂ ಅದೇ. ಅದಕ್ಕೇ ನಮ್ಮೋರು ಎರಡನ್ನೂ ಒಟ್ಟಿಗೇ ನಡೆಸ್ತಾರೆ.’

ಸಾಲದೆಂಬಂತೆ ನಮ್ಮ ರಸ್ತೆಯ ತುದಿಯಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಸರ್ದಾರ್ಜಿಯವರ ಮನೆಯಲ್ಲಿ ಕುಡಿ ಎಂದರೆ ಹುಡುಗಿ. ಅವರ ನಾಲಿಗೆ ಅದನ್ನು ಸ್ವಲ್ಪ ಮಡಚಿ ಹೇಳುತ್ತಿತ್ತು, ಅಷ್ಟೇ.

ರಾಯರು ಮಜ್ಜಿಗೆ ಅನ್ನ ಮುಗಿಸಿ ತೀರ್ಪು ಕೊಟ್ಟರು. ಚಿಗುರಿನ ಕುಡಿಯ ಬೇರು ಬೇರೆ. ನೀರಿನ ಕುಡಿಯ ಬೇರು ಬೇರೆ. ತೆಲುಗಿನ ಬಲಗೈ ಈ ನೀರಿನ ಕಡೆಯ ನೆಂಟ, ಏಕೆಂದರೆ ಉಣ್ಣುವುದೂ ಕುಡಿಯುವುದೂ ಆ ಕೈಯಲ್ಲಿ. ತಮಿಳಿನ ಮನೆತನ ಮೂರನೆಯ ಬೇರು. ಪಂಜಾಬಿನ ಹುಡುಗಿಗೂ ಇವರಿಗೂ ಮಾತುಕತೆಯೇ ಇಲ್ಲ.

‘ಒಂದೇ ಥರ ಮುಖ ಇದೆ ಅಂತ ಎಲ್ಲರಿಗೂ ಒಬ್ಬಳೇ ತಾಯಿ ಅನ್ನಬೇಡ’ ಎಂದರು.

ನನಗೆ ಅದು ಹಿಡಿಸಲಿಲ್ಲ. ವಯಸ್ಸು ಅಂಥದು. ಚಿಗುರೇ ವಂಶದ ಕುಡಿ, ವಂಶವೇ ಮನೆತನ, ಚಿಗುರು ನೀರು ಹೀರುತ್ತದೆ, ಹೀರುವುದೇ ಕುಡಿಯುವುದು. ಎಲ್ಲ ಒಂದೇ ಮರ! ರಾತ್ರಿಯೆಲ್ಲ ಇದೇ ಗುಂಗು. ಒಂದು ಕೊಂಡಿ ಮಾತ್ರ ಸಿಕ್ಕಿರಲಿಲ್ಲ. ಕನ್ನಡದಲ್ಲಿ ಯಾರಾದರೂ ಮನೆಗೆ, ಸಂಸಾರಕ್ಕೆ ಕುಡಿ ಎನ್ನಬೇಕು. ಅದು ಸಿಕ್ಕರೆ ರಾಯರ ಮೂರು ಬೇರು ಒಂದಾಗುತ್ತದೆ, ಆ ಪದದ ಕೆಳಗೆ ನನ್ನ ಹೆಸರಿನ ಮೊದಲಕ್ಷರ ಬೀಳುತ್ತದೆ. ನಮ್ಮ ನಿಘಂಟಿನಲ್ಲಿ ಹೊಸ ಅರ್ಥವನ್ನು ಸಾಬೀತು ಮಾಡಿದವರ ಅಕ್ಷರವನ್ನು ಪದದ ಕೊನೆಗೆ ಹಾಕುವ ಪದ್ಧತಿಯಿತ್ತು. ಅಲ್ಲಿಯವರೆಗೆ ‘ಸ’ ಎಲ್ಲೂ ಬಿದ್ದಿರಲಿಲ್ಲ.

ಪುಸ್ತಕದಲ್ಲಿ ಸಿಗದ, ಕಿವಿಯಲ್ಲಿ ಕೇಳಿದ ಅರ್ಥಕ್ಕೂ ಒಂದು ನಿಯಮವಿತ್ತು. ಐದು ಜನರ ಬಾಯಿಂದ ಬರಬೇಕು. ಐದು ಚೀಟಿ, ಕೆಳಗೆ ಐದು ಹೆಸರು. ಆ ಹೊತ್ತಿಗೆ ಸರಿಯಾಗಿ ಟ್ರಸ್ಟಿಯೊಬ್ಬರ ಅಳಿಯ ಒಂದು ಟೇಪ್ ರೆಕಾರ್ಡರ್ ಕೊಟ್ಟಿದ್ದರು. ಒಂದು ಪುಟ್ಟ ಸೂಟ್‌ಕೇಸಿನಷ್ಟು ದೊಡ್ಡದು. ಶೇಷಯ್ಯನವರು ಅದರ ಹತ್ತಿರ ಹೋಗುತ್ತಿರಲಿಲ್ಲ. ನಾನು ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟೆ.

ಕಾಂಪ್ಲೆಕ್ಸಿನ ಮುಂದೆ ಬೆಳಿಗ್ಗೆ ಬಾಳೆ ಎಲೆ ಮಾರುತ್ತಿದ್ದ ಮುನಿಯಮ್ಮ ನನಗೆ ಪರಿಚಯ. ಊರು ಅರೆಕೆರೆ. ಮನೆಯಲ್ಲಿ ತೆಲುಗು, ಗಿರಾಕಿಗಳ ಹತ್ತಿರ ಕನ್ನಡ, ಮಾರ್ಕೆಟ್ಟಿನ ಮಂಡಿಯವರ ಹತ್ತಿರ ತಮಿಳು. ಮೂರು ಭಾಷೆಯ ನಿಘಂಟಿಗೆ ಇಂಥ ತಲೆ ಬೇರೆಲ್ಲಿ ಸಿಗಬೇಕು? ಕೇಳಿದ ಕೂಡಲೇ, ‘ಬನ್ನಿ ಅಮ್ಮ, ನಮ್ಮೂರೋರ್ನೆಲ್ಲ ತೋರಿಸ್ತೀನಿ’ ಎಂದಳು. ಆಗ ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸಿಳಿದು ರಾಗಿ ಹೊಲದ ಬದುವಿನ ಮೇಲೆ ನಡೆಯಬೇಕಿತ್ತು. ಒಂದು ಭಾನುವಾರವಿಡೀ ಅಲ್ಲಿದ್ದೆ. ಮುನಿಯಮ್ಮ, ಅವಳ ಓರಗಿತ್ತಿ, ಎದುರು ಮನೆಯ ಅಜ್ಜ, ಗಾಣದ ಮನೆಯವರು, ಅಂಗಡಿ ಯಜಮಾನರು. ಮಜ್ಜಿಗೆ ಕೊಟ್ಟರು, ಹಲಸಿನ ಹಣ್ಣು ಕೊಟ್ಟರು, ನನಗೆ ಬೇಕಾದ ಉತ್ತರವನ್ನೂ ಕೊಟ್ಟರು. ಐದಕ್ಕೆ ಐದೂ. ಬರುವಾಗ ಬಸ್ಸಿನಲ್ಲಿ ಆ ಭಾರದ ಪೆಟ್ಟಿಗೆ ಹೂವಿನ ಹಾಗೆ ಹಗುರಾಗಿತ್ತು.

ಚೀಟಿಗಳನ್ನು ರಾಯರ ಮೇಜಿನ ಮೇಲಿಟ್ಟು ಅರ್ಧ ಗಂಟೆ ನನ್ನ ಒಂದೇ ಮರದ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಎರಡು ದಿನ ಚೀಟಿಗಳು ಅಲ್ಲೇ ಇದ್ದವು. ಮಗುಚಲಿಲ್ಲ. ಮೂರನೆಯ ದಿನ ಅವರು ತಮ್ಮ ವಿವರಣೆಯನ್ನು, ಎಷ್ಟೋ ವರ್ಷ ಪಾಠ ಹೇಳಿದ್ದ ಆ ಮೂರು ಬೇರಿನ ಮಾತನ್ನು, ಕೆಂಪು ಮಸಿಯಲ್ಲಿ ಹೊಡೆದುಹಾಕಿ ನನ್ನದನ್ನು ಬರೆದರು. ಕೊನೆಯಲ್ಲಿ ‘ಸ’. ಅಂದು ಮನೆಗೆ ಹೋಗುವಾಗ ನಾನು ಎರಡು ಮೊಳ ಮಲ್ಲಿಗೆ ಕೊಂಡು ಮುಡಿದುಕೊಂಡೆ.

‘ಕ’ ಸಂಪುಟದ ಮೊದಲ ಭಾಗದ ಕೊನೆಯ ಫಾರಂ, ‘ಕುಡಿ’ ಇದ್ದ ಪುಟಗಳು, ಅಚ್ಚಿಗೆ ಹೋಗುವ ಹಿಂದಿನ ದಿನ ಕಚೇರಿಯಲ್ಲೇ ಊಟ ಇಟ್ಟುಕೊಂಡೆವು. ಎಲೆ ತರಲು ಮುನಿಯಮ್ಮನಿಗೇ ಹೇಳಿದ್ದೆ. ಅವಳು ಮಹಡಿ ಹತ್ತಿ ಬಂದು, ಎಲೆಯ ಕಟ್ಟು ಬಿಚ್ಚಿ, ಒಂದೊಂದನ್ನೇ ತಟ್ಟಿ ನೋಡುತ್ತ ಎರಡು ಎಲೆಯನ್ನು ಪಕ್ಕಕ್ಕಿಟ್ಟಳು.

‘ಇವು ನಿಮ್ಮಂಥೋರ್ಗೆ ಆಗ್ತವೆ. ಕುಡಿ ಸೀಳಿದ್ ಎಲೆ ದೊಡ್ಡೋರ ಮುಂದೆ ಹಾಕ್ಬಾರ್ದು’ ಎಂದಳು.

ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನ ಕೈಯಲ್ಲಿ ಪ್ರೂಫ್ ಹಾಳೆಯಿತ್ತು, ಹೊಟ್ಟೆಯಲ್ಲಿ ಸಂತೋಷ. ‘ಮುನಿಯಮ್ಮ, ನಿಮ್ಮೂರ ಮಾತು ಪುಸ್ತಕದಲ್ಲಿ ಬರ್ತಾ ಇದೆ, ಕೇಳಿ’ ಎಂದು ಗಟ್ಟಿಯಾಗಿ ಓದಿದೆ: ‘ಕುಡಿ: ಮನೆ, ಸಂಸಾರ. ಅರೆಕೆರೆ ಸುತ್ತಿನ ಬಳಕೆ.’

ಮುನಿಯಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದು ನಕ್ಕಳು.

‘ಅಯ್ಯೋ, ಮನೇಗೆ ಕುಡಿ ಅಂತ ಯಾರಮ್ಮ ಅಂತಾರೆ?’

‘ನೀವೇ ಅಂದ್ರಲ್ಲ!’

‘ನಾನೆಲ್ಲಂದೆ? ನೀವು ಅಂದ್ರಿ. ನಾನು ಹೂಂ ಅಂದೆ.’

‘ಮತ್ತೆ ಆ ಅಜ್ಜ? ಗಾಣದ ಮನೆಯವ್ರು?’

‘ಅವ್ರೂ ಹೂಂ ಅಂದ್ರು. ಬಿಸಿಲಲ್ಲಿ ಅಷ್ಟು ದೂರದಿಂದ ಪೆಟ್ಟಿಗೆ ಹೊತ್ಕೊಂಡು ಬಂದಿದ್ರಿ, ಓದಿದೋರು. ಇಲ್ಲ ಅಂತ ಹೆಂಗನ್ನೋದು? ನಿಮ್ಗೆ ಬೇಜಾರಾಗಲ್ವಾ?’

ನಾನು ಒಳಗಿನ ಕೋಣೆಗೆ ಹೋಗಿ ಟೇಪ್ ಹಾಕಿದೆ. ಅದನ್ನು ಆ ಭಾನುವಾರದ ನಂತರ ಒಮ್ಮೆಯೂ ಕೇಳಿರಲಿಲ್ಲ. ಕೇಳುವುದೇನು, ಉತ್ತರ ಗೊತ್ತಿತ್ತಲ್ಲ! ಈಗ ಕೇಳಿದೆ. ಟೇಪಿನ ತುಂಬ ನನ್ನದೇ ಗಂಟಲು. ‘ನೋಡಿ ಅಜ್ಜ, ವಂಶದ ಕುಡಿ ಅಂತೀವಲ್ಲ, ಹಾಗೇ ನೀವು ಹಳೇ ಕಾಲದಲ್ಲಿ ಮನೆಗೂ ಕುಡಿ ಅಂತಿದ್ರಿ, ಅಲ್ವಾ?’ ಸ್ವಲ್ಪ ಹೊತ್ತು ಕೋಳಿ ಕೂಗುವ ಸದ್ದು. ಆಮೇಲೆ ಅಜ್ಜನ ಹೂಂ. ಐದು ಜನರೂ ಅಷ್ಟೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ ಎನ್ನುವ ಗಾದೆಯಲ್ಲಿ, ಎತ್ತು ಈಯಿತು ಎಂದವಳು ನಾನೇ.

ನಿಜ ಹೇಳುತ್ತೇನೆ, ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ಮುನಿಯಮ್ಮ ಓದುವವಳಲ್ಲ. ಅರೆಕೆರೆಯಿಂದ ಯಾರೂ ಬಂದು ನಿಘಂಟು ತೆರೆದು ನೋಡುವುದಿಲ್ಲ. ‘ಸ’ ಇದ್ದಲ್ಲೇ ಇರುತ್ತದೆ. ಆದರೆ ರಾಯರ ಕೆಂಪು ಮಸಿ ಕಣ್ಣ ಮುಂದೆ ಬಂತು. ನನ್ನ ಸುಳ್ಳಿಗಾಗಿ ಅವರು ತಮ್ಮ ನಿಜವನ್ನು ಹೊಡೆದುಹಾಕಿದ್ದರು.

ಹಜಾರದಲ್ಲಿ ಎಲೆ ಹಾಕಿಯಾಗಿತ್ತು. ರಾಯರು ಎಲೆಗೆ ನೀರು ಚಿಮುಕಿಸಿಕೊಂಡು ಕೂತಿದ್ದರು. ಟ್ರಸ್ಟಿಗಳೂ ಇದ್ದರು. ಎಲ್ಲರ ಎದುರಿಗೇ ಹೇಳಿದೆ. ಅಳುತ್ತ ಹೇಳಿದೆ.

ರಾಯರು ಒಂದೇ ಪ್ರಶ್ನೆ ಕೇಳಿದರು. ‘ಚೀಟಿ ಎಲ್ಲಿವೆ?’

ತಂದುಕೊಟ್ಟೆ. ಎಡಗೈಯಲ್ಲೇ ಐದನ್ನೂ ಒಂದೊಂದಾಗಿ ಮಗುಚಿ ಪಕ್ಕಕ್ಕಿಟ್ಟು, ‘ಒಂದು ವಾರದ ತರಕಾರಿ ಆಯ್ತು. ಮೊದಲು ಊಟ ಮಾಡು. ಆಮೇಲೆ ಪ್ರೆಸ್ಸಿಗೆ ಹೋಗೋಣ’ ಎಂದರು.

ಪ್ರೆಸ್ಸು ವಿಲ್ಸನ್ ಗಾರ್ಡನ್ನಿನಲ್ಲಿ. ಆಗೆಲ್ಲ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುತ್ತಿದ್ದರು. ಮೊಳೆ ಜೋಡಿಸುವ ಅನ್ವರ್ ಸಾಹೇಬರು ನಮ್ಮ ಮಾತು ಕೇಳಿ, ಬಿಗಿದಿಟ್ಟಿದ್ದ ಪುಟವನ್ನು ಮಗುವಿನ ಹಾಗೆ ಸವರಿದರು.

‘ನಿಮ್ಮ ಹಳೇ ವಿವರಣೆ ವಾಪಸ್ ಹಾಕ್ತೀನಿ ರಾಯರೇ. ಆದ್ರೂ ಎರಡು ಸಾಲು ಕಮ್ಮಿ ಬೀಳ್ತೈತೆ. ಎರಡು ಸಾಲು ಏನಾದ್ರೂ ಕೊಡಿ, ಇಲ್ಲಾಂದ್ರೆ ಪುಟ ಹಲ್ಲು ಬಿದ್ದಂಗೆ ಕಾಣ್ತೈತೆ.’

ರಾಯರು ನನ್ನ ಕಡೆ ನೋಡಿದರು. ‘ನಿನ್ನ ಪದ. ನೀನೇ ತುಂಬು.’

ತಲೆಯಲ್ಲಿ ಇದ್ದುದೆಲ್ಲ ನಾನು ಕೇಳಿ ಹೇಳಿಸಿದ ಮಾತುಗಳೇ. ಆಗ ಬೆಳಗಿನ ಎಲೆ ತಟ್ಟಿದ ಸದ್ದು ನೆನಪಾಯಿತು. ಯಾರೂ ಕೇಳದೆ, ತನ್ನಷ್ಟಕ್ಕೆ ತಾನು ಮುನಿಯಮ್ಮ ಆಡಿದ ಮಾತು. ಚೀಟಿಯ ಮೇಲೆ ಬರೆದೆ: ‘ಕುಡಿ ಸೀಳಿದ ಎಲೆ ದೊಡ್ಡವರ ಮುಂದೆ ಹಾಕಬಾರದು.’ ಬರೆದ ಮೇಲೆ ನಿಯಮ ನೆನಪಾಗಿ ಕೈ ತಡೆಯಿತು.

‘ಇದಕ್ಕೆ ಐದು ಜನ ಇಲ್ಲ ಸಾರ್. ಒಬ್ಬರೇ.’

‘ಕೇಳದೇ ಬಂದ ಮಾತಿಗೆ ಒಬ್ಬರು ಸಾಕು’ ಎಂದು ರಾಯರು ‘ಸ’ ಇದ್ದಲ್ಲಿ ತಾವೇ ಬರೆದರು: ‘ಮುನಿಯಮ್ಮ, ಅರೆಕೆರೆ’.

ವಾಪಸ್ಸು ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತಿದ್ದರು. ಲಾಲ್‌ಬಾಗ್ ದಾಟಿದ ಮೇಲೆ ಹೇಳಿದರು.

‘ನನಗೆ ಆವತ್ತೇ ಅನುಮಾನ ಇತ್ತು ಕಣಮ್ಮ. ನೀನು ಅಷ್ಟು ಸಂಭ್ರಮದಿಂದ ಬಂದು ಹೇಳಿದೆ. ಹೂಂ ಅಂದುಬಿಟ್ಟೆ. ಲೆಕ್ಕಕ್ಕೆ ಆರು ಹೂಂ ಅಂತ ಇಟ್ಕೋ.’

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ನನಗೆ ಬೈಗುಳವಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾನು ಕೇಳುವ ರೀತಿ ಬದಲಾಯಿತು. ‘ಇದಕ್ಕೆ ಹೀಗಂತೀರಾ?’ ಎಂದು ಯಾರನ್ನೂ ಕೇಳಲಿಲ್ಲ. ವಸ್ತುವನ್ನು ಮುಂದಿಟ್ಟು ‘ಇದೇನು?’ ಎಂದು ಕೇಳಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಇನ್ನೂ ಒಳ್ಳೆಯದೆಂದರೆ ಏನನ್ನೂ ಕೇಳದೆ ಅವರ ಜೊತೆ ಅವರೆಕಾಯಿ ಸುಲಿಯುತ್ತ ಕೂರುವುದು. ಜೆ.ಪಿ. ನಗರದ ಕಡೆ ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಕಾಲ. ಹಳೆಯ ಊರಿನವರ ಜಗಲಿಗಳಲ್ಲಿ ಹಾಗೆ ಕೂತು ಎಷ್ಟು ಪದ ತಂದೆನೋ! ಒಂದು ಜಗಲಿಯಲ್ಲಿ ಮೂರು ಗಂಟೆ ಕೂತು ಒಂದೂ ಪದವಿಲ್ಲದೆ ಎರಡು ಸೇರು ಅವರೆಕಾಳು ತಂದದ್ದೂ ಉಂಟು. ನಿಘಂಟಿನ ಕೆಲಸಕ್ಕೆ ಇಳಿದಿರುವ ನೀವು ಈಗ ಪ್ರಶ್ನಾವಳಿ ಅಚ್ಚು ಹಾಕಿಸಿಕೊಂಡು ಹೋಗುತ್ತೀರಿ, ‘ಹೌದು’, ‘ಇಲ್ಲ’ ಎಂದು ಚೌಕ ಇಟ್ಟಿರುತ್ತೀರಿ. ನಮ್ಮ ಜನ ಮನೆಗೆ ಬಂದವರ ಮುಖ ನೋಡಿ ‘ಹೌದು’ ಚೌಕಕ್ಕೇ ಗುರುತು ಹಾಕುತ್ತಾರೆ. ಅದು ಸುಳ್ಳಲ್ಲ, ಉಪಚಾರ. ಅದನ್ನು ಅರ್ಥ ಎಂದು ತಿಳಿದರೆ ತಪ್ಪು ನಿಮ್ಮದು.

ಸಂಪುಟ ಬಂದ ಮೇಲೆ ಒಂದು ಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಂಪ್ಲೆಕ್ಸಿನ ಮುಂದೆ ಹೋದೆ. ಮುನಿಯಮ್ಮನ ಬುಟ್ಟಿಯ ಪಕ್ಕ ಕೂತು, ಪುಟ ತೆಗೆದು, ಅವಳ ಬೆರಳನ್ನು ಹೆಸರಿನ ಮೇಲಿಟ್ಟೆ.

‘ಸರಿಯಾಗಿದೆಯಾ ಮುನಿಯಮ್ಮ?’

‘ಹೂಂ ಅಮ್ಮ. ಶ್ಯಾನೆ ಚೆನ್ನಾಗೈತೆ.’

ನಾಲಿಗೆ ಕಚ್ಚಿಕೊಂಡೆ. ಮತ್ತೆ ಅದೇ ಚಾಳಿ. ಇನ್ನೇನೂ ಮಾತಾಡದೆ ಕೂತೆ. ಅವಳು ಇಬ್ಬರು ಗಿರಾಕಿಗಳಿಗೆ ಎಲೆ ಕಟ್ಟಿಕೊಟ್ಟಳು. ಕೈ ಒರೆಸಿಕೊಂಡು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಓದಲು ಬಾರದ ಆ ಸಾಲನ್ನು ಬಹಳ ಹೊತ್ತು ನೋಡಿದಳು. ನಾನು ಆಗಲೂ ಸುಮ್ಮನಿದ್ದೆ.

‘ಒಂದ್ ಮಾತು ಹೇಳ್ಲಾ ಅಮ್ಮ? ಬೇಜಾರ್ ಮಾಡ್ಕೋಬಾರ್ದು’ ಎಂದಳು ಕೊನೆಗೆ. ‘ಆ ಮಾತು ನಂದಲ್ಲ. ನಮ್ಮವ್ವಂದು. ಎಲೆ ಕೊಯ್ಯೋವಾಗೆಲ್ಲ ಹೇಳೋಳು. ಹಾಕೋದಾದ್ರೆ ಅವಳ ಹೆಸ್ರು ಹಾಕ್ಬೇಕಿತ್ತು.’

‘ಏನವರ ಹೆಸರು?’

‘ಚಿಕ್ಕತಾಯಮ್ಮ.’

ಅಲ್ಲೇ ಚೀಟಿ ತೆಗೆದು ಬರೆದುಕೊಂಡೆ. ಮುಂದಿನ ಮುದ್ರಣದಲ್ಲಿ ಹಾಕಿಸುತ್ತೇನೆ ಎಂದು ಮಾತು ಕೊಟ್ಟೆ. ನನ್ನ ಕಾಲದಲ್ಲಿ ಮುಂದಿನ ಮುದ್ರಣ ಬರಲೇ ಇಲ್ಲ. ರಾಯರೂ ಇಲ್ಲ, ಮುನಿಯಮ್ಮನೂ ಇಲ್ಲ. ಈಗ ನೀವೆಲ್ಲ ಸೇರಿ ಆ ನಿಘಂಟನ್ನು ಮತ್ತೆ ತರುತ್ತಿದ್ದೀರೆಂದು ಕೇಳಿ ಈ ಹಳೆಯ ಕಥೆಯನ್ನೆಲ್ಲ ಬರೆದೆ. ಆ ಚೀಟಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಮಗುಚಿ ನೋಡಿ, ಅದರ ಬೆನ್ನ ಮೇಲೆ ಯಾರೂ ಏನೂ ಬರೆದಿಲ್ಲ.